ಫೋನಿನಲ್ಲಿ ಕೇಳಿದ್ದನ್ನೇ ಬರೆಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹಪ್ಪಳ, ಸಂಡಿಗೆ ಮಾಡಿ ಮಾರುವವರು, ಟೈಲರಿಂಗ್ ಅಂಗಡಿ ಇಟ್ಟವರು, ಹೋಂಸ್ಟೇ ನಡೆಸುವವರು, ಮನೆಯಲ್ಲೇ ನಾಲ್ಕು ಮಗ್ಗ ಹಾಕಿಕೊಂಡವರು, ಇವತ್ತು ನನ್ನ ಮಾತು ನಿಮ್ಮ ಜೊತೆ. ದೊಡ್ಡ ಕಂಪನಿಯವರು ಬೇಕಾದರೆ ರೇಡಿಯೋ ಆರಿಸಬಹುದು. ಅವರಿಗೆ ಬರೆದುಕೊಡಲು ಸಂಬಳದ ಜನ ಇದ್ದಾರೆ.

ನಿಮ್ಮದೊಂದು ವೆಬ್‌ಸೈಟ್ ಇದೆ. ಅಣ್ಣನ ಮಗನೋ, ಪಕ್ಕದ ಮನೆಯ ಇಂಜಿನಿಯರಿಂಗ್ ಓದುವ ಹುಡುಗನೋ ಮಾಡಿಕೊಟ್ಟಿದ್ದಾನೆ. ಫೋಟೋ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ. ಕೊನೆಗೆ ಆ ಹುಡುಗ ಕೇಳುತ್ತಾನೆ, "ಅತ್ತೆ, ಇಲ್ಲಿ ಏನು ಬರೀಲಿ?" ನೀವು ಒಲೆಯ ಮುಂದೆ ನಿಂತುಕೊಂಡೇ ಹೇಳುತ್ತೀರಿ, "ಏನಾದ್ರೂ ಚೆನ್ನಾಗಿರೋದು ಬರಿಯೋ." ಕೆಲಸ ಕೆಡುವುದು ಅಲ್ಲೇ.

ಅವನು ಬರೆಯುತ್ತಾನೆ: "ಗುಣಮಟ್ಟವೇ ನಮ್ಮ ಧ್ಯೇಯ, ಗ್ರಾಹಕರ ತೃಪ್ತಿಯೇ ನಮ್ಮ ಗುರಿ." ಇದೇ ಸಾಲು ಸಿಮೆಂಟ್ ಅಂಗಡಿಯ ಸೈಟಿನಲ್ಲೂ ಇದೆ, ಡ್ರೈವಿಂಗ್ ಸ್ಕೂಲಿನದರಲ್ಲೂ ಇದೆ. ನಿಮ್ಮ ಹೆಸರು ತೆಗೆದು ಎದುರು ಅಂಗಡಿಯವರ ಹೆಸರು ಹಾಕಿ ನೋಡಿ. ಆಗಲೂ ಸಾಲು ಸರಿಹೋಗುತ್ತದಾ? ಹಾಗಿದ್ದರೆ ಅಳಿಸಿಬಿಡಿ. ಯೋಚನೆಯೇ ಬೇಡ.

ಸಣ್ಣ ವ್ಯಾಪಾರದವರಿಗೆ ಬರೆದುಕೊಡುವುದೇ ನನ್ನ ಕೆಲಸ. ಇಷ್ಟು ವರ್ಷದಲ್ಲಿ ನಾನು ಕಲಿತದ್ದು ಒಂದೇ ಪಾಠ. ಗಿರಾಕಿ ಫೋನಿನಲ್ಲಿ ಏನು ಕೇಳುತ್ತಾರೋ ಅದನ್ನು ಬರೆಯಿರಿ. ನೀವು ಏನು ಉತ್ತರ ಹೇಳುತ್ತೀರೋ ಅದನ್ನೂ ಹಾಗೇ ಬರೆಯಿರಿ. ಪೆನ್ನು ಹುಡುಕುತ್ತಿದ್ದವರಿಗೆ ಇನ್ನೊಂದು ಸಲ: ಫೋನಿನಲ್ಲಿ ಕೇಳಿದ್ದು, ಫೋನಿನಲ್ಲಿ ಹೇಳಿದ್ದು. ಅಷ್ಟೇ.

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಒಬ್ಬ ಅಕ್ಕ ಇದ್ದಾರೆ. ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಅಪ್ಪೆಮಿಡಿ ಗೊತ್ತಲ್ಲ? ಮಲೆನಾಡಿನ ಹೊಳೆ ಸಾಲಿನಲ್ಲಿ ತಾನಾಗಿ ಬೆಳೆಯುವ ಮಾವಿನ ಮರದ ಎಳೆ ಕಾಯಿ. ತೊಟ್ಟು ಮುರಿದರೆ ಸೊನೆ ಚಿಮ್ಮುತ್ತದೆ. ಪರಿಮಳ ಇರುವುದೇ ಆ ಸೊನೆಯಲ್ಲಿ. ಒಂದೊಂದು ಮರದ ಮಿಡಿಗೆ ಒಂದೊಂದು ಪರಿಮಳ, ಕೆಲವು ಜೀರಿಗೆಯ ಹಾಗೇ ಘಮ್ ಅನ್ನುತ್ತವೆ. ಮೈಕಿನ ಮುಂದೆ ಕೂತು ಹೇಳುವಾಗಲೂ ನನಗೆ ಬಾಯಲ್ಲಿ ನೀರು. ಇರಲಿ.

ಅಕ್ಕನ ಸೈಟಿನಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: "ಮಲೆನಾಡಿನ ಸಾಂಪ್ರದಾಯಿಕ ಸ್ವಾದದ ಅಪೂರ್ವ ಅನುಭವ." ಸೈಟು ನೋಡಿದವರು ಫೋನ್ ಮಾಡುತ್ತಿದ್ದರು, ಮಾತಾಡುತ್ತಿದ್ದರು. ಆದರೆ "ಮತ್ತೆ ಹೇಳ್ತೀವಿ" ಅಂತ ಇಟ್ಟುಬಿಡುವವರೇ ಜಾಸ್ತಿ. "ಬಂದು ನೋಡು ತಂಗೀ" ಅಂದರು. ಹೋದೆ. ಜಗಲಿಯಲ್ಲಿ ಕೂರಿಸಿ ಕಷಾಯ ಕೊಟ್ಟರು. ಆ ಲೋಟ ಖಾಲಿಯಾಗುವಷ್ಟರಲ್ಲಿ ನಾಲ್ಕು ಫೋನ್ ಬಂತು.

ಮೊದಲನೆಯದು ಬೆಂಗಳೂರಿನಿಂದ. "ಇದಕ್ಕೆ ಎಣ್ಣೆ ಹಾಕ್ತೀರಾ?" ಅಕ್ಕ ಹೇಳಿದರು, "ಒಂದು ಹನಿನೂ ಇಲ್ಲಮ್ಮ. ಉಪ್ಪು, ಮೆಣಸು, ಸಾಸಿವೆ, ಅರಿಶಿನ ಅಷ್ಟೇ. ಬೆಳ್ಳುಳ್ಳಿನೂ ಹಾಕೋದಿಲ್ಲ." ಎರಡನೆಯವರು ಹುಬ್ಬಳ್ಳಿಯವರು. "ಕಾಯಿ ಎಷ್ಟು ದೊಡ್ಡದು ಅದಾವ್ರೀ?" ಅಕ್ಕ: "ತುತ್ತಿಗೆ ಒಂದು ಮಿಡಿ. ಕಚ್ಚಿದ್ರೆ ಕಟಕ್ ಅನ್ನಬೇಕು, ಅಷ್ಟು ಎಳೇದು." ಮೂರನೆಯವರಿಗೆ ಫ್ರಿಜ್ಜಿನ ಚಿಂತೆ. "ಹೊರಗೇ ಇಡಿ, ಒದ್ದೆ ಚಮಚ ಮಾತ್ರ ಮುಟ್ಟಿಸಬೇಡಿ." ನಾಲ್ಕನೆಯವರು ಅಮೆರಿಕಕ್ಕೆ ಹೊರಟ ಮಗನಿಗೆ ಕಟ್ಟಿ ಕಳಿಸಬೇಕಿತ್ತು, ಸೋರುತ್ತದಾ ಅನ್ನುವ ಭಯ. "ರಸ ಕಮ್ಮಿ ಮಾಡಿ, ಎರಡು ಕವರ್ ಹಾಕಿ ಸೀಲ್ ಮಾಡಿ ಕೊಡ್ತೀನಿ. ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ, ತೆಗೆದು ಬಿಸಾಕ್ತಾರೆ. ದೊಡ್ಡ ಪೆಟ್ಟಿಗೆಗೆ ಹಾಕಿ."

ನಾನು ಲೋಟ ಕೆಳಗಿಟ್ಟು ಕೇಳಿದೆ. "ಅಕ್ಕಾ, ಇಷ್ಟು ಚೆನ್ನಾಗಿ ಹೇಳ್ತೀರಿ, ಸೈಟಿನಲ್ಲಿ ಇದು ಒಂದೂ ಇಲ್ವಲ್ಲ?" ಅವರಿಗೆ ನಿಜಕ್ಕೂ ಆಶ್ಚರ್ಯ. "ಇದನ್ನೆಲ್ಲ ಬರೆಯೋದಾ? ಇದು ಸುಮ್ನೆ ಮಾತು ಅಲ್ವಾ?"

ನೋಡಿ, ನಮ್ಮ ರೋಗವೇ ಇದು. ಬರೆಯುವುದು ಅಂದರೆ ಮೊದಲು ತಲೆಗೆ ಪೇಟ ಸುತ್ತಿಕೊಳ್ಳಬೇಕು ಅಂದುಕೊಂಡಿದ್ದೇವೆ. ಬಾಯಲ್ಲಿ "ಕಟಕ್ ಅನ್ನತ್ತೆ" ಅನ್ನುವವರು ಬರೆಯುವಾಗ "ಅಪೂರ್ವ ಅನುಭವ" ಅನ್ನುತ್ತಾರೆ. ಅಪೂರ್ವ ಅನುಭವ ಕೇಳಿದರೆ ಯಾರಿಗಾದರೂ ಬಾಯಲ್ಲಿ ನೀರು ಬರುತ್ತದಾ?

ಡೇರಿಗೆ ಹಾಲು ಹಾಕಿದ ಲೆಕ್ಕದ ಒಂದು ಪುಸ್ತಕ ಅವರ ಮನೆಯ ಗೋಡೆಯಲ್ಲಿ ನೇತಾಡುತ್ತಿತ್ತು. "ಇದರ ಹಿಂಬದಿಯಲ್ಲಿ ಒಂದು ತಿಂಗಳು, ಯಾರು ಏನು ಕೇಳಿದರೂ ಬರೆದಿಡಿ. ಅದೇ ಪ್ರಶ್ನೆ ಮತ್ತೆ ಬಂದರೆ ಪಕ್ಕದಲ್ಲಿ ಒಂದು ಗೀಟು ಹಾಕಿ" ಅಂದೆ. ಹಾಕಿದರು. ತಿಂಗಳು ಕಳೆದು ನೋಡಿದರೆ ಎಣ್ಣೆಯ ಮುಂದೆ ಗೀಟುಗಳ ಬೇಲಿಯೇ ಎದ್ದಿತ್ತು. ಆಮೇಲೆ ಕೊರಿಯರ್‌ನಲ್ಲಿ ಸೋರುವ ವಿಷಯ. ಆಮೇಲೆ ಖಾರ. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಯ, ಅಂದರೆ ಇದು ಈ ಸೀಮೆಯದೇ ವಿಶೇಷ ಅನ್ನುವ ಮಾನ್ಯತೆ ಸಿಕ್ಕಿದೆ, ಹೆಮ್ಮೆಯ ಮಾತೇ. ಆದರೆ ಅದನ್ನು ಒಬ್ಬರೂ ಕೇಳಿರಲಿಲ್ಲ. "ನಿಮ್ಮ ಧ್ಯೇಯ ಏನು?" ಅಂತಲೂ ಯಾರೂ ಕೇಳಿರಲಿಲ್ಲ.

ಗೀಟು ಜಾಸ್ತಿ ಇದ್ದದ್ದನ್ನು ಮೇಲೆ ತಂದೆವು. ಸೈಟಿನ ಮೊದಲ ಸಾಲು ಹೀಗಾಯಿತು: "ಎಣ್ಣೆ ಇಲ್ಲ, ಬೆಳ್ಳುಳ್ಳಿ ಇಲ್ಲ. ತುತ್ತಿಗೊಂದು ಮಿಡಿ, ಕಚ್ಚಿದರೆ ಕಟಕ್." ಮಾನ್ಯತೆಯ ವಿಷಯ ಕೆಳಗೆ ಹೋಯಿತು. ಅವರ ಮಗನಿಗೆ 'ಕಟಕ್' ಹಿಡಿಸಲಿಲ್ಲ. ಪ್ರೊಫೆಷನಲ್ ಆಗಿಲ್ಲ ಅಂದ. ಅರ್ಧ ದಿನ ವಾದ. ಕೊನೆಗೆ ಅಕ್ಕ ಒಳಗಿನಿಂದ ಒಂದು ಮಿಡಿ ತಂದು ಅವನ ಬಾಯಿಗಿಟ್ಟರು. ಸದ್ದು ನನಗೂ ಕೇಳಿಸಿತು. 'ಕಟಕ್' ಉಳಿಯಿತು. ಈಗ ಫೋನ್ ಎತ್ತಿದರೆ "ಅರ್ಧ ಕಿಲೋ ಕಳಿಸಿ" ಎಂದೇ ಮಾತು ಶುರು ಮಾಡುವವರು ಇದ್ದಾರೆ ಅಂತ ಅಕ್ಕ ಹೇಳುತ್ತಾರೆ.

ಅಯ್ಯೋ, ನನಗೆ ಕೊಟ್ಟ ಹೊತ್ತಿನಲ್ಲಿ ಮುಕ್ಕಾಲು ಪಾಲು ಉಪ್ಪಿನಕಾಯಿಗೇ ಹೋಯಿತು. ಉಳಿದದ್ದು ಬೇಗ ಬೇಗ.

ಗೂಗಲ್‌ನಲ್ಲಿ ಹುಡುಕುವವರು ನಿಮ್ಮ ಮನೆಯ ಮಾತಿನಲ್ಲೇ ಹುಡುಕುತ್ತಾರೆ ಅಂತೇನಿಲ್ಲ. ಒಬ್ಬರು ಅಪ್ಪೆಮಿಡಿ ಅನ್ನುತ್ತಾರೆ, ಇನ್ನೊಬ್ಬರು ಮಾವಿನ ಮಿಡಿ ಅನ್ನುತ್ತಾರೆ, ಬೆಂಗಳೂರಿನ ಮೊಮ್ಮಗಳು ಇಂಗ್ಲಿಷ್ ಅಕ್ಷರದಲ್ಲಿ ಟೆಂಡರ್ ಮ್ಯಾಂಗೋ ಪಿಕಲ್ ಅಂತ ಹೊಡೆಯುತ್ತಾಳೆ. ಮೂರೂ ಹೆಸರು ಪುಟದಲ್ಲಿ ಎಲ್ಲಾದರೂ ಬರಲಿ. ಹಾಗಂತ ಒಂದೇ ಹೆಸರನ್ನು ನಲವತ್ತು ಸಲ ತುರುಕಬೇಡಿ. ಗೂಗಲ್ ಅದನ್ನು ಮೋಸ ಅಂತಲೇ ಎಣಿಸುತ್ತದೆ, ಓದುವವರಿಗಂತೂ ತಲೆನೋವು.

ಬೆಲೆ ಬರೆಯಿರಿ. "ಬೆಲೆಗಾಗಿ ಕರೆ ಮಾಡಿ" ಅಂದರೆ "ಜಾಸ್ತಿ ಇದೆ" ಅಂತಲೇ ಜನ ಓದಿಕೊಳ್ಳುತ್ತಾರೆ. ಆನ್‌ಲೈನ್ ಮಾರಾಟಕ್ಕೆ 2020ರಲ್ಲಿ ಬಂದ ಗ್ರಾಹಕ ರಕ್ಷಣೆಯ ನಿಯಮಗಳು ಕೂಡ ಒಟ್ಟು ಬೆಲೆ ತೋರಿಸಿ, ವಾಪಸ್ ತಗೊಳ್ಳುವ ಷರತ್ತು ತಿಳಿಸಿ ಅನ್ನುತ್ತವೆ. ತಿನ್ನುವ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತೆ ನೋಡುವ ಸರ್ಕಾರಿ ಪ್ರಾಧಿಕಾರ ಕೊಡುವ 14 ಅಂಕಿಯ ನಂಬರ್ ಹಾಕಿ. "ನೂರಕ್ಕೆ ನೂರು ಶುದ್ಧ" ಅನ್ನುವುದಕ್ಕಿಂತ ಆ ನಂಬರಿಗೆ ತೂಕ ಹೆಚ್ಚು.

ಯಂತ್ರದ ಅನುವಾದವನ್ನು ಕಣ್ಣುಮುಚ್ಚಿ ಹಾಕಬೇಡಿ, ದಯವಿಟ್ಟು. ಒಂದು ಸೈಟಿನಲ್ಲಿ 'ಹೋಮ್' ಇರಬೇಕಾದಲ್ಲಿ 'ಮನೆ' ಅಂತಿತ್ತು. ಕೊಳ್ಳುವ ಸಾಮಾನು ಸೇರಿಸಿಡುವ 'ಕಾರ್ಟ್' ಹೋಗಿ 'ಬಂಡಿ' ಆಗಿತ್ತು. ಸೀರೆ ಕೊಳ್ಳಲು ಬಂದವರು ಬಂಡಿ ಯಾಕೆ ಹತ್ತಬೇಕು? ಸೈಟಿನಲ್ಲಿ ಒತ್ತುವ ಗುಂಡಿಯ ಮೇಲೆ 'ಸಬ್ಮಿಟ್' ಬೇಡ. "ವಾಟ್ಸಾಪ್‌ನಲ್ಲಿ ಆರ್ಡರ್ ಮಾಡಿ" ಅಂತಲೇ ಬರೆಯಿರಿ.

ಇಳಕಲ್ ಸೀರೆಯವರೇ, ನಿಮ್ಮನ್ನು ಜನ ಕೇಳುವುದೇನು? ಕೈಮಗ್ಗದ್ದಾ, ಪವರ್‌ಲೂಮಾ? ಸೆರಗು ರೇಷ್ಮೆಯದ್ದಾ? ಬಣ್ಣ ಬಿಡತ್ತಾ? ಹಾಗಾದರೆ ಅದನ್ನೇ ಬರೆಯಿರಿ. ಚನ್ನಪಟ್ಟಣದ ಗೊಂಬೆಯವರೇ, ಮಗು ಬಾಯಿಗೆ ಹಾಕಿಕೊಂಡರೆ ಏನಾಗತ್ತೆ ಅಂತ ತಾಯಂದಿರು ಕೇಳುತ್ತಾರೆ. ಯಾವ ಮರ, ಬಣ್ಣಕ್ಕೆ ಏನೇನು ಹಾಕಿದ್ದೀರಿ, ಎಷ್ಟು ತಿಂಗಳ ಮಗುವಿಗೆ, ಮೊದಲ ಸಾಲಿನಲ್ಲೇ ಹೇಳಿ. ಹೋಂಸ್ಟೇಯವರೇ, "ಪ್ರಕೃತಿಯ ಮಡಿಲಲ್ಲಿ" ಸಾಕು ಮಾಡಿ. ಎಲ್ಲರೂ ಅದೇ ಮಡಿಲಲ್ಲಿ ಕೂತಿದ್ದಾರೆ. ಕಾರು ಅಂಗಳದವರೆಗೆ ಬರತ್ತಾ, ಬಿಸಿನೀರು ಎಷ್ಟು ಹೊತ್ತಿಗೆ, ಮೊಬೈಲ್ ಸಿಗ್ನಲ್ ಯಾವ ಕಂಪನಿಯದ್ದು ಸಿಗತ್ತೆ, ಜಿಗಣೆ ಇದೆಯಾ? ಇದ್ದರೆ ಇದೆ ಅನ್ನಿ. ಫೋನಿನಲ್ಲಿ ಹೇಗೂ ಹೇಳುತ್ತೀರಲ್ಲ.

ಹೊರಡುವ ಮುಂಚೆ ಒಂದು ಮಾತು. ಆ ಪುಸ್ತಕ ಇನ್ನೂ ಅಕ್ಕನ ಗೋಡೆಯಲ್ಲೇ ಇದೆ. ನಿನ್ನೆ ಫೋನ್ ಮಾಡಿದ್ದರು, ಹೊಸ ಪ್ರಶ್ನೆಯೊಂದು ಬಂದಿದೆಯಂತೆ. ಮಿಡಿ ಎಲ್ಲ ಖಾಲಿಯಾದ ಮೇಲೆ ತಳದಲ್ಲಿ ಉಳಿದ ರಸ ಏನು ಮಾಡುವುದು? "ನೀವೇನು ಹೇಳಿದಿರಿ?" ಅಂದೆ. "ಎರಡು ಚಮಚ ಮೊಸರವಲಕ್ಕಿಗೆ ಹಾಕಿ ಕಲಸಿ ಅಂದೆ. ತಪ್ಪಾಯ್ತಾ ತಂಗೀ?"

ಇಲ್ಲಿಂದ ಮನೆಗೆ ಹೋಗಿ ಅದನ್ನು ಸೈಟಿಗೆ ಹಾಕಬೇಕು. ಬರುತ್ತೇನೆ, ನಮಸ್ಕಾರ.