ಘಟ್ಟ ಹತ್ತುವ ಗಾಡಿಗೆ ಡೀಸೆಲ್ಲೋ, ಬ್ಯಾಟರಿಯೋ?

(ಶಿರಸಿಯಲ್ಲಿ ಸರಕು ವಾಹನ ಮಾಲೀಕರು ಮತ್ತು ಬೆಳೆಗಾರರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರುವ ಈ ನೋಟ್‌ಬುಕ್ ನನ್ನ ತಮ್ಮನದು. ಐಸ್ ನೀರು ತಾಗಿ ಅಂಚೆಲ್ಲ ಉಬ್ಬಿದೆ, ಮೂಸಿದರೆ ಇನ್ನೂ ಮೀನಿನ ವಾಸನೆ ಬರುತ್ತದೆ. ಅವನು ಕುಮಟಾದಿಂದ ಶಿರಸಿಗೆ ಮೀನು ತರುವ ಪಿಕಪ್ ಓಡಿಸುತ್ತಾನೆ. ದಿನಕ್ಕೊಂದು ಸಾಲು: ತಾರೀಖು, ಕಿಲೋಮೀಟರ್, ಹೇರಿದ ತೂಕ, ಹಾಕಿಸಿದ ಡೀಸೆಲ್. ಕಳೆದ ವರ್ಷ ಮನೆಗೆ ಬಂದವನು, "ಅಣ್ಣಾ, ಇದನ್ನು ಕೊಟ್ಟು ಬ್ಯಾಟರಿ ಗಾಡಿ ತೆಗೆದುಕೊಳ್ಳಲೇ?" ಎಂದು ಕೇಳಿದ. ಐಟಿಐನಲ್ಲಿ ವರ್ಷಗಟ್ಟಲೆ ಮೋಟಾರು ಪಾಠ ಮಾಡಿದ ನನಗೆ ತಕ್ಷಣ ಉತ್ತರ ಕೊಡಲಾಗಲಿಲ್ಲ. ಈ ನೋಟ್‌ಬುಕ್ ಇಟ್ಟುಕೊಂಡು ಎರಡು ಸಂಜೆ ಕೂತೆ. ಆಗ ತಿಳಿದದ್ದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಉದಾಹರಣೆಗೆ ಒಂದು ಗಾಡಿ ಬೇಕಲ್ಲ, ಟಾಟಾ ಏಸ್ ಪ್ರೊ ತೆಗೆದುಕೊಳ್ಳೋಣ. 2025ರ ಜೂನ್‌ನಲ್ಲಿ ಬಂದ ಈ ಗಾಡಿ ಪೆಟ್ರೋಲಿನಲ್ಲೂ ಇದೆ, ಬ್ಯಾಟರಿಯಲ್ಲೂ ಇದೆ. ಎರಡೂ ಹೊರುವುದು 750 ಕೆಜಿ. ಹೀಗಾಗಿ ಹೋಲಿಕೆ ಸುಲಭ. ಬ್ಯಾಟರಿ 14.4 ಯೂನಿಟ್ ಹಿಡಿಯುತ್ತದೆ, ಕಂಪನಿ ಹೇಳುವ ಓಟ 155 ಕಿಲೋಮೀಟರ್. ಕುಮಟಾಕ್ಕೆ ಹೋಗಿ ಬರಲು ಸುಮಾರು 120. ಕಾಗದದ ಮೇಲೆ ಧಾರಾಳವಾಗಿ ಸಾಕು. ಆದರೆ ಆ 155ರಲ್ಲಿ ಈ ದಾರಿಯಲ್ಲಿ ಹತ್ತಬೇಕಾದ ದೇವಿಮನೆ ಘಟ್ಟ ಇಲ್ಲ.

ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಸರಕು ತುಂಬಿದ ಗಾಡಿ ಒಟ್ಟು 1,600 ಕೆಜಿ ಇದೆ ಎನ್ನಿ. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು, ಶಾಲೆಯಲ್ಲಿ ಕಲಿತ ಲೆಕ್ಕದ ಪ್ರಕಾರ, 2.6 ಯೂನಿಟ್ ಬೇಕು. ಮೋಟಾರು, ಗೇರಿನಲ್ಲಿ ಪೋಲಾಗುವುದನ್ನು ಸೇರಿಸಿದರೆ ಮೂರು. ಅಂದರೆ ಬ್ಯಾಟರಿಯ ಐದನೆಯ ಒಂದು ಪಾಲು ಬರೀ ಎತ್ತರಕ್ಕೆ ಹೋಯಿತು. 60 ಕಿಲೋಮೀಟರ್ ದಾರಿಯ ಖರ್ಚು ಬೇರೆಯೇ ಇದೆ.

ಇಳಿಯುವಾಗ ಬ್ರೇಕಿನ ಶಕ್ತಿ ವಾಪಸ್ ಬ್ಯಾಟರಿಗೆ ಬರುತ್ತದಲ್ಲ ಎಂದು ನೀವು ಕೇಳಬಹುದು. ಬರುತ್ತದೆ, ನಿಜ. ಆದರೆ ತಮ್ಮನ ಗಾಡಿ ಹತ್ತುವಾಗ ತುಂಬಿರುತ್ತದೆ, ಇಳಿಯುವಾಗ ಖಾಲಿ ಪೆಟ್ಟಿಗೆ ಹೊತ್ತಿರುತ್ತದೆ. ಭಾರ ಹೊತ್ತು ಹತ್ತುವಾಗ ಮೂರು ಯೂನಿಟ್ ಕೊಟ್ಟು, ಖಾಲಿ ಇಳಿಯುವಾಗ ಒಂದು ಯೂನಿಟ್ ಪಡೆದರೆ ಅದೇ ಹೆಚ್ಚು. ಬನವಾಸಿಯ ಅನಾನಸ್ ತುಂಬಿಕೊಂಡು ಕೆಳಗಿಳಿದು, ಖಾಲಿಯಾಗಿ ಹತ್ತಿ ಬರುವವನ ಲೆಕ್ಕ ಇದಕ್ಕಿಂತ ಎಷ್ಟೋ ವಾಸಿ. ಒಂದೇ ರಸ್ತೆ, ಒಂದೇ ಗಾಡಿ. ಸರಕು ಯಾವ ಕಡೆಗೆ ಹೋಗುತ್ತದೆ ಎಂಬುದರ ಮೇಲೆ ಖರ್ಚು ಬದಲಾಗುತ್ತದೆ. ಡೀಸೆಲ್ ಗಾಡಿ ಓಡಿಸುವಾಗ ನಾವು ಇದನ್ನು ಯೋಚಿಸಿಯೇ ಇರಲಿಲ್ಲ.

ಕೂಡಿ ಕಳೆದು ನೋಡಿದಾಗ ತಮ್ಮನ ದಿನದ ಓಟಕ್ಕೆ ಆ ಬ್ಯಾಟರಿ ಸರಿಸುಮಾರು ಪೂರ್ತಿ ಬರಿದಾಗುತ್ತಿತ್ತು. ಮಳೆಗಾಲದಲ್ಲಿ ಗುಡ್ಡ ಕುಸಿದು ಘಟ್ಟ ಮುಚ್ಚಿದರೆ ಬೇರೆ ಘಟ್ಟ ಸುತ್ತಿ ಬರಬೇಕು. ಮೀನು ಕಾಯುವುದಿಲ್ಲ, ಐಸ್ ಕರಗುತ್ತದೆ. "ಬೇಡ, ಸದ್ಯ ಡೀಸೆಲ್ಲೇ ಇರಲಿ" ಎಂದೆ. ಆ ಮಾತನ್ನು ಸಂತೋಷದಿಂದ ಹೇಳಲಿಲ್ಲ. ಏಕೆಂದರೆ ಬ್ಯಾಟರಿ ಗಾಡಿಯ ಬಗ್ಗೆ ನನಗೆ ನಿಜವಾದ ಒಲವಿದೆ.

ಈಗ ಇನ್ನೊಂದು ಬಗೆಯ ಕೆಲಸ ನೋಡಿ. ಪೇಟೆಯಿಂದ ಸುತ್ತಲ ಹಳ್ಳಿಗಳಿಗೆ ದಿನಸಿ, ಪಶು ಆಹಾರ ಮುಟ್ಟಿಸುವವರು. ದಿನಕ್ಕೆ 80 ಕಿಲೋಮೀಟರ್, ರಾತ್ರಿ ಗಾಡಿ ಮನೆಯಂಗಳದಲ್ಲಿ. ಪೆಟ್ರೋಲ್ ಲೀಟರಿಗೆ ನೂರು, ಮೈಲೇಜ್ ಹದಿನೇಳು ಎಂದಿಟ್ಟುಕೊಂಡರೆ ಕಿಲೋಮೀಟರಿಗೆ ಸುಮಾರು ಆರು ರೂಪಾಯಿ. ಬ್ಯಾಟರಿ ಗಾಡಿ ಒಂದು ಯೂನಿಟ್‌ಗೆ ಏಳು ಕಿಲೋಮೀಟರ್ ಓಡಿ, ಯೂನಿಟ್‌ಗೆ ಎಂಟು ರೂಪಾಯಿ ಆದರೂ ಖರ್ಚು ಒಂದು ರೂಪಾಯಿ ಚಿಲ್ಲರೆ. ಕಿಲೋಮೀಟರಿಗೆ ಐದು ರೂಪಾಯಿಯ ಹತ್ತಿರ ಉಳಿತಾಯ. ಬಿಡುಗಡೆಯ ಹೊತ್ತಿನ ಶೋರೂಮ್ ಬೆಲೆ ಪೆಟ್ರೋಲಿಗೆ 3.99 ಲಕ್ಷ, ಬ್ಯಾಟರಿಗೆ 6.50 ಲಕ್ಷ. ಎರಡೂವರೆ ಲಕ್ಷದ ಅಂತರ ತೀರಲು 50,000 ಕಿಲೋಮೀಟರ್ ಓಡಬೇಕು. ವರ್ಷಕ್ಕೆ 300 ದಿನ ಓಡಿಸಿದರೆ ಎರಡು ವರ್ಷದಲ್ಲಿ ತೀರುತ್ತದೆ. ಇಂಥವರಿಗೆ ನಾನು ಅನುಮಾನವಿಲ್ಲದೆ ಬ್ಯಾಟರಿ ಗಾಡಿ ಎನ್ನುತ್ತೇನೆ.

ಅದೇ ಅಂತರವನ್ನು ದಿನಕ್ಕೆ 25 ಕಿಲೋಮೀಟರ್ ಓಡಿಸುವ ಬೆಳೆಗಾರ ತೀರಿಸಲು ಆರೂವರೆ ವರ್ಷಕ್ಕೂ ಹೆಚ್ಚು ಬೇಕು. ತೋಟಕ್ಕೆ ಗೊಬ್ಬರ, ಕೊಯ್ಲಿನಲ್ಲಿ ಅಡಿಕೆ ಮೂಟೆ, ಉಳಿದಂತೆ ಗಾಡಿ ಕೊಟ್ಟಿಗೆಯಲ್ಲಿ. "ನಮ್ಮದು ಸ್ವಲ್ಪವೇ ಓಡಾಟ, ಬ್ಯಾಟರಿ ಸಾಕು" ಎಂದು ಅನೇಕರು ನನ್ನಲ್ಲಿ ಹೇಳಿದ್ದಾರೆ. ಬ್ಯಾಟರಿ ಸಾಕಾಗುತ್ತದೆ, ಆದರೆ ಹಾಕಿದ ದುಡ್ಡು ಹುಟ್ಟುವುದಿಲ್ಲ. ಈ ಗಾಡಿ ಫಾಯದೆ ಕೊಡುವುದು ಚೆನ್ನಾಗಿ ಓಡುವವನಿಗೆ, ಆದರೆ ಒಂದು ಚಾರ್ಜಿನೊಳಗೆ ಮನೆ ಸೇರುವವನಿಗೆ. 2025ರ ಸೆಪ್ಟೆಂಬರಿನಲ್ಲಿ ಪೆಟ್ರೋಲ್, ಡೀಸೆಲ್ ಸರಕು ವಾಹನಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದ ಮೇಲೆ ಬೆಲೆಯ ಅಂತರ ಇನ್ನೂ ಹಿಗ್ಗಿತು. ಬ್ಯಾಟರಿ ವಾಹನಕ್ಕೆ 2019ರಿಂದಲೇ ಶೇ. 5 ಇತ್ತು, ಇಳಿಯಲು ಅಲ್ಲಿ ಜಾಗವಿರಲಿಲ್ಲ.

ಇಲ್ಲಿ ನನ್ನ ಮನಸ್ಸಿಗೆ ನೋವು ಕೊಟ್ಟ ಒಂದು ಸಂಗತಿ ಹೇಳಲೇಬೇಕು. ಬ್ಯಾಟರಿ ವಾಹನಗಳಿಗೆಂದೇ ಇರುವ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಮೂರು ಚಕ್ರದ ಗಾಡಿಗೆ ನೆರವು ಇಟ್ಟರು, 3.5 ಟನ್ ಮೀರಿದ ದೊಡ್ಡ ಲಾರಿಗೂ ಇಟ್ಟರು. ನಡುವೆ ಇರುವ ನಮ್ಮ ನಾಲ್ಕು ಚಕ್ರದ ಚಿಕ್ಕ ಗಾಡಿ ಕೈಬಿಟ್ಟುಹೋಯಿತು. ಹಳ್ಳಿಯ ಸರಕನ್ನು ಪೇಟೆಗೆ ಮುಟ್ಟಿಸುವುದು ಈ ಗಾಡಿಯೇ. ನಮ್ಮ ಸಂಘದವರು ಇದನ್ನು ಸಂಸದರ ಮುಂದೆ ಗಟ್ಟಿಯಾಗಿ ಎತ್ತಬೇಕು. ಬ್ಯಾಟರಿ ಗಾಡಿಗೆ ಪರ್ಮಿಟ್ ವಿನಾಯಿತಿಯಂತೂ 2018ರಿಂದಲೇ ಇದೆ.

ಕೊಳ್ಳುವ ಮೊದಲು ಮನೆಯ ಅರ್ಥಿಂಗ್ ನೋಡಿಸಿ. ನಮ್ಮದು ಚಿರೇಕಲ್ಲಿನ ನೆಲ. ಮಾರ್ಚ್ ಬಂತೆಂದರೆ ಗುಂಡಿ ಒಣಗಿ ಅರ್ಥ್ ಸಿಗುವುದಿಲ್ಲ, ಎಷ್ಟೋ ಚಾರ್ಜರ್‌ಗಳು ಅರ್ಥ್ ಸರಿಯಿಲ್ಲದಿದ್ದರೆ ಕೆಲಸವನ್ನೇ ಶುರು ಮಾಡುವುದಿಲ್ಲ. ಪರಿಚಯದವರೊಬ್ಬರ ಮನೆಯಲ್ಲಿ ಹೀಗೇ ಆಗಿ, ಗಾಡಿಯೇ ಕೆಟ್ಟಿತೆಂದು ಎರಡು ದಿನ ನಿಲ್ಲಿಸಿಕೊಂಡಿದ್ದರು. ಕೊನೆಗೆ ಗುಂಡಿಗೆ ನಾಲ್ಕು ಕೊಡ ನೀರು ಹೊಯ್ದ ಮೇಲೆ ಚಾರ್ಜರಿನ ಹಸಿರು ದೀಪ ಹೊತ್ತಿಕೊಂಡಿತು. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಹೋಗುವ ಊರಿನವರು, ಪೇಟೆಯಲ್ಲಿ ಚಾರ್ಜ್ ಮಾಡಿಕೊಳ್ಳುವ ಜಾಗವನ್ನು ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ.

ಇನ್ನು ಹೆಚ್ಚು ಹೇರುವ ಅಭ್ಯಾಸ. 750 ಕೆಜಿ ಗಾಡಿಗೆ ಒಂದು ಟನ್ ಹೇರಿ ಓಡಿಸುವವರು ಈ ಸಭೆಯಲ್ಲೂ ಇದ್ದೀರಿ. ಡೀಸೆಲ್ ಗಾಡಿಯಾದರೆ ಬಂಕಿನಲ್ಲಿ ಮತ್ತೆ ನಾಲ್ಕು ಲೀಟರ್ ಹಾಕಿಸಿ ಮುಂದೆ ಹೋಗುತ್ತೀರಿ. ಬ್ಯಾಟರಿ ಗಾಡಿ ಏರಿನ ಮಧ್ಯದಲ್ಲೇ ಚಾರ್ಜ್ ಮುಗಿಸಿಬಿಟ್ಟೀತು. ಅಂಥ ಕೆಲಸವೇ ಇದ್ದರೆ ದೊಡ್ಡ ಪಿಕಪ್ ನೋಡಿ. ವಾರಂಟಿಯ ಕಾಗದದಲ್ಲಿ ಬ್ಯಾಟರಿಗೆ ಎಷ್ಟು ವರ್ಷ, ಎಷ್ಟು ಕಿಲೋಮೀಟರ್, ಯಾವ ಕಾರಣಕ್ಕೆ ರದ್ದಾಗುತ್ತದೆ ಎಂಬುದನ್ನು ಕೂತು ಓದಿ. ಓದಲು ಬರದಿದ್ದರೆ ಮಕ್ಕಳಿಂದ ಓದಿಸಿ. ಫೈನಾನ್ಸ್‌ನವರ ಹತ್ತಿರ ಎರಡೂ ಗಾಡಿಯ ಬಡ್ಡಿ ದರ ಬರೆಸಿಕೊಳ್ಳಿ, ಶೇ. 1ರ ವ್ಯತ್ಯಾಸವೂ ಕಂತಿನಲ್ಲಿ ಕಾಣುತ್ತದೆ.

ತಮ್ಮ ಈಗ ಮತ್ತೊಂದು ಯೋಚನೆಯಲ್ಲಿದ್ದಾನೆ. ಘಟ್ಟದ ಓಟಕ್ಕೆ ಹಳೆಯ ಪಿಕಪ್ಪೇ ಇರಲಿ, ಶಿರಸಿಗೆ ಬಂದ ಮೀನನ್ನು ಸಿದ್ದಾಪುರ, ಯಲ್ಲಾಪುರದ ಕಡೆ ಹಂಚಲು ಒಂದು ಬ್ಯಾಟರಿ ಗಾಡಿ ಸೇರಿಸೋಣವೇ ಎಂದು ಕೇಳುತ್ತಿದ್ದಾನೆ. ಆ ದಾರಿಗಳ ಲೆಕ್ಕ ಈ ನೋಟ್‌ಬುಕ್ಕಿನಲ್ಲಿ ಇಲ್ಲ. ಹೊಸದೊಂದು ಕೊಡಿಸಿ, ಮೂರು ತಿಂಗಳು ಬರೆದು ತಾ ಎಂದಿದ್ದೇನೆ.

ನಿಮ್ಮಲ್ಲಿ ಯಾರಾದರೂ ಹೀಗೆ ಬರೆದಿಟ್ಟಿದ್ದರೆ ಮುಂದೆ ಬನ್ನಿ. ಚಹಾ ಬರುವಷ್ಟರಲ್ಲಿ ಒಬ್ಬಿಬ್ಬರದನ್ನಾದರೂ ಕೂತು ನೋಡೋಣ.