ಓಟದ ವಾಚು ಮಣಿಕಟ್ಟಿನ ಮೇಲೆ ಕುಣಿಯಬಾರದು

ಕೇಳುಗರೆಲ್ಲರಿಗೂ ನಮಸ್ಕಾರ. ಓಟಕ್ಕೆ ಒಪ್ಪುವ ಚಿಕ್ಕ ಜಿಪಿಎಸ್ ವಾಚುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾನು ಆಡಿದ ಮಾತಿಗೆ ಒಬ್ಬ ಮಹನೀಯರು ಹೀಗೆ ಪ್ರತಿಕ್ರಿಯಿಸಿದ್ದಾರೆ: “ಇವೆಲ್ಲ ಹೆಂಗಸರ ವಾಚುಗಳು, ಗಂಭೀರವಾಗಿ ತರಬೇತಿ ಮಾಡುವವರು 51 ಮಿಲಿಮೀಟರ್ ಅಗಲದ್ದನ್ನೇ ಕೊಳ್ಳಬೇಕು.” ಇದಕ್ಕೆ ಬಹಳ ಮಂದಿ ಮೆಚ್ಚುಗೆಯನ್ನೂ ಒತ್ತಿದ್ದಾರೆ. ಆದ್ದರಿಂದ ಇವತ್ತಿಗೆಂದು ಸಿದ್ಧಪಡಿಸಿದ್ದ ವಿಷಯವನ್ನು ಬದಿಗಿಟ್ಟು ಒಂದೇ ಮಾತು ಹೇಳಲು ಕುಳಿತಿದ್ದೇನೆ: ಓಡುವಾಗ ಮಣಿಕಟ್ಟಿನ ಮೇಲೆ ಅಲುಗಾಡುವ ವಾಚು, ಅದರ ಬೆಲೆ ಎಷ್ಟೇ ಇರಲಿ, ತರಬೇತಿಗೆ ಬಾರದು.

ಹೆಂಗಸರು ಗಂಭೀರವಾಗಿ ತರಬೇತಿ ಮಾಡುವುದಿಲ್ಲವೆಂದು ಆ ಮಹನೀಯರಿಗೆ ಯಾರು ಹೇಳಿದರೋ ತಿಳಿಯದು. ಆ ಮಾತು ಹಾಗಿರಲಿ. ಕೊರೊಸ್ ಸಂಸ್ಥೆಯ ಪೇಸ್ 2 ಎಂಬ ವಾಚು ನೈಲಾನ್ ಪಟ್ಟಿಯೊಂದಿಗೆ ತೂಗುವುದು ಬರೀ 29 ಗ್ರಾಂ, ಮತ್ತು ಅದರ ವಿಶೇಷ ಆವೃತ್ತಿಯೊಂದು ಬಂದದ್ದು ಕೆನ್ಯಾದ ಮ್ಯಾರಥಾನ್ ಓಟಗಾರ ಎಲಿಯುಡ್ ಕಿಪ್ಚೊಗೆ ಅವರ ಹೆಸರಿನಲ್ಲಿ. 2022ರಲ್ಲಿ ಬರ್ಲಿನ್ ಮ್ಯಾರಥಾನನ್ನು 2 ಗಂಟೆ 1 ನಿಮಿಷ 9 ಸೆಕೆಂಡಿನಲ್ಲಿ ಮುಗಿಸಿದ ಮನುಷ್ಯನ ಗಾಂಭೀರ್ಯ ನಿಮಗೆ ಸಾಲದಾದರೆ, ನೀವು ಹುಡುಕುತ್ತಿರುವುದು ಓಟದ ವಾಚನ್ನಲ್ಲ.

ಈಗ ಕಾರಣಕ್ಕೆ ಬರೋಣ, ಏಕೆಂದರೆ ಈ ವಾಹಿನಿಯಲ್ಲಿ ಕಾರಣವಿಲ್ಲದೆ ಕೋಪ ಮಾಡಿಕೊಳ್ಳುವ ಪದ್ಧತಿ ಇಲ್ಲ. ವಾಚಿನ ಹಿಂಬದಿಯಲ್ಲಿ ಮಿನುಗುವ ಹಸಿರು ದೀಪವು ಚರ್ಮದೊಳಕ್ಕೆ ಬೆಳಕು ಚೆಲ್ಲುತ್ತದೆ. ಪ್ರತಿ ಬಡಿತಕ್ಕೂ ರಕ್ತನಾಳಗಳಲ್ಲಿ ರಕ್ತ ಹೆಚ್ಚಿ ಕಡಿಮೆಯಾಗುವುದರಿಂದ ಮರಳಿ ಬರುವ ಬೆಳಕಿನ ಪ್ರಮಾಣದಲ್ಲಿ ಸಣ್ಣ ಏರಿಳಿತ ಉಂಟಾಗುತ್ತದೆ. ಆ ಏರಿಳಿತವನ್ನು ಎಣಿಸಿಯೇ ವಾಚು ನಿಮ್ಮ ಹೃದಯಬಡಿತವನ್ನು ಹೇಳುವುದು. ವಾಚು ಚರ್ಮದಿಂದ ಕೂದಲೆಳೆಯಷ್ಟು ಮೇಲೆದ್ದರೂ ಹೊರಗಿನ ಬೆಳಕು ಒಳನುಗ್ಗುತ್ತದೆ, ಮತ್ತು ಪ್ರತಿ ಹೆಜ್ಜೆಗೂ ವಾಚು ಮೇಲೆ ಕೆಳಗೆ ಜಿಗಿಯತೊಡಗಿದರೆ ಆ ಜಿಗಿತವೂ ಒಂದು ಬಡಿತದಂತೆಯೇ ಸಂವೇದಕಕ್ಕೆ ಕಾಣುತ್ತದೆ. ಆಗ ವಾಚು ಹೃದಯವನ್ನು ಬಿಟ್ಟು ಹೆಜ್ಜೆಗಳನ್ನೇ ಎಣಿಸತೊಡಗುತ್ತದೆ. ಹರಟುತ್ತಾ ನಿಧಾನವಾಗಿ ಓಡುತ್ತಿರುವಾಗಲೂ ಹೃದಯಬಡಿತ 170 ಎಂದು ತೋರಿಸಿ ನಿಮ್ಮನ್ನು ಹೆದರಿಸಿದ್ದರೆ, ಅದು ಹೆಚ್ಚಾಗಿ ನಿಮ್ಮ ಕೇಡೆನ್ಸ್, ಅಂದರೆ ನಿಮಿಷಕ್ಕೆ ಇಡುವ ಹೆಜ್ಜೆಗಳ ಎಣಿಕೆ, ಆಗಿರುತ್ತದೆ, ಹೃದಯವಲ್ಲ.

ನಿಮಿಷಕ್ಕೆ 170 ಹೆಜ್ಜೆ ಇಡುವವರ ಒಂದೊಂದು ಕೈಯೂ 85 ಬಾರಿ ಬೀಸುತ್ತದೆ, ಎಂದರೆ ಗಂಟೆಗೆ 5,100 ಬಾರಿ. ತೆಳ್ಳನೆಯ ಮಣಿಕಟ್ಟಿನ ಮೇಲೆ 90 ಗ್ರಾಮಿನ ಆಸುಪಾಸಿನ ಲೋಹದ ತುಂಡನ್ನು ಕಟ್ಟಿ 5,100 ಬಾರಿ ಬೀಸಿದರೆ ಅದು ಅಳತೆ ಮೀರಿದ ಬಳೆಯಂತೆ ಸುತ್ತಾಡದೆ ಇನ್ನೇನು ಮಾಡೀತು? ಪಟ್ಟಿಯನ್ನು ಬಿಗಿಗೊಳಿಸಿ ಎನ್ನುತ್ತಾರೆ. ಬೆರಳು ಜೋಮು ಹಿಡಿಯುವಷ್ಟು ಬಿಗಿದರೆ ಅಲ್ಲಿ ಅಳೆಯಬೇಕಾದ ರಕ್ತವೇ ಹರಿಯಲು ಒದ್ದಾಡುತ್ತದೆ. ವಿಒಟು ಮ್ಯಾಕ್ಸ್ (ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ) ಅಂದಾಜು, ತರಬೇತಿಯ ಹೊರೆ, ಚೇತರಿಕೆಗೆ ಬೇಕಾದ ಗಂಟೆಗಳು ಇವೆಲ್ಲವೂ ಆ ಒಂದು ಬಡಿತದ ಅಂಕಿಯನ್ನು ನೆಚ್ಚಿಕೊಂಡು ಲೆಕ್ಕ ಹಾಕಿದವು. ಅಡಿಪಾಯದ ಅಂಕಿಯೇ ಸುಳ್ಳಾದ ಮೇಲೆ “ನಿಮಗೆ 72 ಗಂಟೆ ವಿಶ್ರಾಂತಿ ಬೇಕು” ಎಂಬ ಆ ಗಂಭೀರ ಸಲಹೆಯನ್ನು ಯಾರಿಗೆ ತೋರಿಸುತ್ತೀರಿ? ಆದ್ದರಿಂದ ಮತ್ತೆ ಹೇಳುತ್ತೇನೆ: ಅಲುಗಾಡುವ ವಾಚು ತರಬೇತಿಗೆ ಬಾರದು.

ಈ ಹಂತದಲ್ಲಿ, ದೊಡ್ಡ ವಾಚಿನ ಬ್ಯಾಟರಿಯೇ ಹೆಚ್ಚು ಬಾಳುತ್ತದೆ ಎನ್ನುವ ಬ್ಯಾಟರಿವಾದಿಗಳು ಎದ್ದು ನಿಲ್ಲುತ್ತಾರೆ. ಅವರು ಪ್ರತಿ ಸಂಚಿಕೆಯಲ್ಲೂ ಏಳುತ್ತಾರೆ. ಗಾರ್ಮಿನ್ 2023ರಲ್ಲಿ ಹೊರತಂದ ಫೋರ್‌ರನ್ನರ್ 265 ಎರಡು ಗಾತ್ರಗಳಲ್ಲಿ ದೊರೆಯುತ್ತದೆ. 47 ಗ್ರಾಮಿನ ದೊಡ್ಡದು ಜಿಪಿಎಸ್ ಮಾತ್ರ ಬಳಸಿದಾಗ 20 ಗಂಟೆ ಬಾಳುತ್ತದೆಂದು ಸಂಸ್ಥೆ ಹೇಳುತ್ತದೆ. 39 ಗ್ರಾಮಿನ 265ಎಸ್ ಎಂಬ ಚಿಕ್ಕದು 24 ಗಂಟೆ. ತಪ್ಪಾಗಿ ಕೇಳಿಸಿಕೊಳ್ಳಲಿಲ್ಲ ತಾನೇ? ಚಿಕ್ಕದೇ ಹೆಚ್ಚು ಬಾಳುತ್ತದೆ, ಏಕೆಂದರೆ ಬೆಳಗಿಸಬೇಕಾದ ಪರದೆ ಚಿಕ್ಕದು. ಕೊರೊಸ್ ಪೇಸ್ 3 ನೈಲಾನ್ ಪಟ್ಟಿಯೊಂದಿಗೆ 30 ಗ್ರಾಂ ತೂಗಿ 38 ಗಂಟೆಯ ಜಿಪಿಎಸ್ ಲೆಕ್ಕ ಕೊಡುತ್ತದೆ. ಎಲ್ಲ ಉಪಗ್ರಹ ವ್ಯವಸ್ಥೆಗಳನ್ನೂ ಅವುಗಳ ಸಂಕೇತ ಬರುವ ಎರಡೂ ತರಂಗಾಂತರಗಳನ್ನೂ ಚಾಲೂ ಮಾಡಿದರೆ ಈ ಗಂಟೆಗಳು ಇಳಿಯುತ್ತವೆ, ನಿಜ. ಆದರೂ ಮ್ಯಾರಥಾನನ್ನು ನೀವು ನಡೆದುಕೊಂಡೇ ಮುಗಿಸಿದರೂ ವಾಚು ನಿಮಗಿಂತ ಮೊದಲು ಸುಸ್ತಾಗುವುದಿಲ್ಲ. ನೂರು ಮೈಲಿ ಓಡುವವರ ಕಥೆಯೇನು ಎಂದು ಕೇಳುತ್ತೀರಿ. ನೂರು ಮೈಲಿ ಓಡುವವರು ನನ್ನ ಮಾತನ್ನು ಕೇಳಬೇಕಾಗಿಲ್ಲ. ಅವರು ಮನೆಯವರ ಮಾತನ್ನೇ ಕೇಳಿದವರಲ್ಲ.

ಇನ್ನು ಆಂಟೆನಾ. ಚಿಕ್ಕ ವಾಚಿನಲ್ಲಿ ಆಂಟೆನಾಗೆ ಜಾಗ ಕಡಿಮೆ ಎಂಬುದು ಸುಳ್ಳಲ್ಲ. ಆದರೆ ಎತ್ತರದ ಕಟ್ಟಡಗಳ ನಡುವೆ ಓಟದ ದಾರಿ ಅಡ್ಡಾದಿಡ್ಡಿಯಾಗುವುದಕ್ಕೆ ಮುಖ್ಯ ಕಾರಣ, ಉಪಗ್ರಹದ ಸಂಕೇತ ಗೋಡೆಗೆ ಬಡಿದು ತಡವಾಗಿ ತಲುಪುವುದು. 1575.42 ಮೆಗಾಹರ್ಟ್ಸಿನ ಎಲ್1 ಸಂಕೇತದ ಜೊತೆಗೆ 1176.45 ಮೆಗಾಹರ್ಟ್ಸಿನ ಎಲ್5 ಸಂಕೇತವನ್ನೂ ಹಿಡಿಯಬಲ್ಲ ವಾಚು, ನೇರವಾಗಿ ಬಂದದ್ದನ್ನೂ ಗೋಡೆಗೆ ಬಡಿದು ಬಂದದ್ದನ್ನೂ ಹೆಚ್ಚು ಚೆನ್ನಾಗಿ ಬೇರ್ಪಡಿಸುತ್ತದೆ, ಮತ್ತು ಈಗ ನಾನು ಹೆಸರಿಸಿದ 265ಎಸ್ ಹಾಗೂ ಪೇಸ್ 3 ಎರಡರಲ್ಲೂ ಈ ಸೌಲಭ್ಯವಿದೆ. ಅಂದ ಹಾಗೆ, ಮ್ಯಾರಥಾನಿನ ಕೊನೆಯಲ್ಲಿ ವಾಚು 42.195 ಕಿಲೋಮೀಟರಿಗಿಂತ ಹೆಚ್ಚು ತೋರಿಸಿತೆಂದು ಸಂಘಟಕರೊಂದಿಗೆ ಜಗಳಕ್ಕೆ ನಿಲ್ಲುವವರು ಗಮನಿಸಬೇಕು: ಪ್ರಮಾಣೀಕೃತ ಮಾರ್ಗವನ್ನು ತಿರುವುಗಳ ಅತಿ ಹತ್ತಿರದ ಗೆರೆಯಲ್ಲಿ ಅಳೆದು, ಕಡಿಮೆಯಾಗದಿರಲೆಂದು ಸಾವಿರಕ್ಕೆ ಒಂದು ಪಾಲು, ಅಂದರೆ 42 ಮೀಟರ್, ಸೇರಿಸಿರುತ್ತಾರೆ. ನೀವು ರಸ್ತೆಯ ಹೊರ ಅಂಚಿನಲ್ಲಿ ಓಡಿದ್ದಕ್ಕೆ ವಾಚನ್ನೂ ಬಯ್ಯಬೇಡಿ, ಸಂಘಟಕರನ್ನೂ ಬಯ್ಯಬೇಡಿ.

ಮ್ಯಾಪ್ ಬೇಕೆನ್ನುವವರಿಗೆ ಗಾರ್ಮಿನ್ ಸಂಸ್ಥೆಯ 42 ಮಿಲಿಮೀಟರ್ ಅಗಲದ ಫೀನಿಕ್ಸ್ 7ಎಸ್ ಇದೆ. ಅಂಕಿಗಳು ಕಾಣಿಸುವುದಿಲ್ಲ ಎನ್ನುವವರು ಒಂದೇ ಪರದೆಯಲ್ಲಿ ಆರು ಅಂಕಿಗಳನ್ನು ತುರುಕಿಕೊಂಡಿರುತ್ತಾರೆ. ಪೇಸ್ (ಕಿಲೋಮೀಟರಿಗೆ ಹಿಡಿಯುವ ಸಮಯ), ದೂರ, ಬಡಿತ ಈ ಮೂರನ್ನು ಉಳಿಸಿ ಮಿಕ್ಕದ್ದನ್ನು ತೆಗೆಯಿರಿ. ಓಡುತ್ತಿರುವಾಗ ಸೂರ್ಯಾಸ್ತದ ಸಮಯ ತಿಳಿದು ನಿಮಗೆ ಆಗಬೇಕಾದದ್ದೇನು? ತಲೆ ಎತ್ತಿದರೆ ಕಾಣುತ್ತದೆ. ಬೆವರಿನ ಬೆರಳಿಗೆ ಸ್ಪರ್ಶಪರದೆ ಸರಿಯಾಗಿ ಸ್ಪಂದಿಸುವುದಿಲ್ಲವಾದ್ದರಿಂದ ಲ್ಯಾಪ್ ಒತ್ತಲು ನಿಜವಾದ ಬಟನ್ ಇರಲಿ. ಅದು ಯಾವ ಗಾತ್ರದಲ್ಲಾದರೂ ಇರಲೇಬೇಕು. ದೊಡ್ಡ ವಾಚು ಕಟ್ಟಿಕೊಂಡು ಪುಷ್‌ಅಪ್ ಮಾಡಿದಾಗ ಮಡಚಿದ ಮುಂಗೈಯೇ ಆ ಬಟನ್ನನ್ನು ಒತ್ತಿ ವ್ಯಾಯಾಮವನ್ನು ನಿಲ್ಲಿಸಿಬಿಡುವ ವೈಭವವನ್ನು ಅನುಭವಿಸಿದವರು ಕೆಳಗೆ ಬರೆಯಿರಿ, ನಾನು ಓದುತ್ತೇನೆ.

“ದೊಡ್ಡದು ನೋಡಲು ಚೆನ್ನಾಗಿರುತ್ತದೆ” ಎಂದು ಇನ್ನೊಬ್ಬರು ಬರೆದಿದ್ದಾರೆ. ಇರಬಹುದು. ಮದುವೆಮನೆಗೆ ಕಟ್ಟಿಕೊಂಡು ಹೋಗಿ, ಫೋಟೋ ತೆಗೆಸಿಕೊಳ್ಳಿ, ಯಾರೂ ತಡೆಯುವುದಿಲ್ಲ. ಆದರೆ 400 ಮೀಟರಿನ ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ ಓಡುವ ವೇಗದ ಓಟ) ಓಡುವಾಗ ಅಲುಗಾಡುವ ವಾಚು ತರಬೇತಿಗೆ ಬಾರದು, ಬಾರದು, ಬಾರದು. ನನ್ನ ಬಳಿ ಹೊಸ ಕಾರಣಗಳೇನೂ ಉಳಿದಿಲ್ಲವೆಂದು ಸಂಕಲನಕಾರರು ಕೈಸನ್ನೆ ಮಾಡುತ್ತಿದ್ದಾರೆ. ಉಳಿದಿಲ್ಲ ನಿಜ, ಹಳೆಯ ಕಾರಣವೇ ಇನ್ನೂ ಗಟ್ಟಿಯಾಗಿರುವಾಗ ಹೊಸದೇಕೆ? ಮಣಿಕಟ್ಟಿನ ಅಗಲವನ್ನು ಅಳೆದುಕೊಂಡು ಅಂಗಡಿಗೆ ಹೋಗಿ, ವಾಚನ್ನು ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲಕ್ಕೆ ಕಟ್ಟಿ, ಅಲ್ಲಿಯೇ ಕೈ ಬೀಸಿ ನೋಡಿ. ಮಾರಾಟಗಾರರು ನಕ್ಕರೆ ನಗಲಿ.

ಹೃದಯಬಡಿತವನ್ನು ಎದೆಯಿಂದಲೇ ಅಳೆಯುವ ಎದೆಪಟ್ಟಿ ಕಟ್ಟಿದರೆ ಈ ರಗಳೆಯೇ ಇಲ್ಲವಲ್ಲ ಎಂದು ಕೇಳುವವರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ. ಅದಕ್ಕಾಗಿ ಚಂದಾದಾರರಾಗಿ, ಗಂಟೆಯ ಗುರುತನ್ನೂ ಒತ್ತಿ. ಹತ್ತು ಕಿಲೋಮೀಟರ್ ಓಟಕ್ಕೆ ನಾನು ಸಿದ್ಧಪಡಿಸಿದ ತರಬೇತಿ ವೇಳಾಪಟ್ಟಿಯ ಕೊಂಡಿ ವಿವರಣೆಯಲ್ಲಿದೆ, ಮತ್ತು ಅದು ಯಾವ ಗಾತ್ರದ ವಾಚಿನಲ್ಲಾದರೂ ತೆರೆದುಕೊಳ್ಳುತ್ತದೆ.