ನಾಯಕರ ಮನಸ್ಸಿಗೂ ತಪಾಸಣೆ ಬೇಕೇ?

ಕೇಳುಗರಿಗೆ ನಮಸ್ಕಾರ.

1919ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ ಶ್ವೇತಭವನದಲ್ಲಿ ಹಾಸಿಗೆ ಹಿಡಿದಿದ್ದರು. ಎರಡು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಅವರ ಎಡಭಾಗ ಸ್ವಾಧೀನ ತಪ್ಪಿತ್ತು. ಅವರ ಸ್ಥಿತಿ ಹೇಗಿದೆ ಎಂಬುದನ್ನು ಕಣ್ಣಾರೆ ಕಾಣಲು ಇಬ್ಬರು ಸೆನೆಟರುಗಳು ಬಂದಾಗ, ಎಡಗೈ ಕಾಣದಂತೆ ಹೊದಿಕೆ ಹೊದಿಸಿ, ಬಲಗೈಗೆ ಎಟುಕುವಂತೆ ಕಾಗದಪತ್ರಗಳನ್ನು ಇರಿಸಲಾಗಿತ್ತು. ವಿಲ್ಸನ್ ನಾಲ್ಕು ಮಾತನಾಡಿದರು, ಬಂದವರು ಮರಳಿದರು. ಆದರೆ ಯಾವ ಕಡತ ಅಧ್ಯಕ್ಷರವರೆಗೆ ಹೋಗಬೇಕೆಂಬುದನ್ನು ಆ ದಿನಗಳಲ್ಲಿ ತೀರ್ಮಾನಿಸುತ್ತಿದ್ದವರು ಅವರ ಪತ್ನಿ ಎಡಿತ್. ಅಧ್ಯಕ್ಷರು ಅಸಮರ್ಥರೆಂದು ಬರೆದುಕೊಡಲು ಅವರ ವೈದ್ಯ ಕ್ಯಾರಿ ಗ್ರೇಸನ್ ಒಪ್ಪಲಿಲ್ಲ. ಹೀಗೆಯೇ 1921ರ ಮಾರ್ಚ್‌ನಲ್ಲಿ ಅಧಿಕಾರಾವಧಿ ಮುಗಿಯಿತು.

ದೇಶವಾಳುವವರ ಮನಸ್ಸನ್ನೂ ಬುದ್ಧಿಯನ್ನೂ ನಿಯಮಿತವಾಗಿ ಪರೀಕ್ಷಿಸಬೇಕೆಂಬ ಮಾತು ಬಂದಾಗಲೆಲ್ಲ ನನಗೆ ಆ ಹೊದಿಕೆ ನೆನಪಾಗುತ್ತದೆ. ವಿಮಾನ ನಡೆಸುವವರಿಗೆ ಕಾಲಕಾಲಕ್ಕೆ ವೈದ್ಯಕೀಯ ತಪಾಸಣೆ ಕಡ್ಡಾಯವಾಗಿರುವಾಗ, ಸೇನೆಗೆ ಆಜ್ಞೆ ಕೊಡುವವರಿಗೆ ಯಾಕಿಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕದಲ್ಲಿ 1967ರಲ್ಲಿ ಜಾರಿಗೆ ಬಂದ ಸಂವಿಧಾನದ 25ನೆಯ ತಿದ್ದುಪಡಿಯು, ಅಧ್ಯಕ್ಷರು ಕರ್ತವ್ಯ ನಿರ್ವಹಿಸಲಾರರೆಂದು ಘೋಷಿಸುವ ಅಧಿಕಾರವನ್ನು ಉಪಾಧ್ಯಕ್ಷರಿಗೂ ಸಂಪುಟದ ಬಹುಮತಕ್ಕೂ ಒಟ್ಟಾಗಿ ಕೊಟ್ಟಿತು. ಆದರೆ ಆ ತಿದ್ದುಪಡಿಯಲ್ಲಿ ವೈದ್ಯರ ಪ್ರಸ್ತಾಪವೇ ಇಲ್ಲ.

ಹಾಗೆಂದು ಎಲ್ಲವನ್ನೂ ವೈದ್ಯರ ಕೈಗೆ ಒಪ್ಪಿಸಿಬಿಡುವುದಕ್ಕೂ ನನ್ನ ಮನಸ್ಸು ಒಪ್ಪದು. 1886ರಲ್ಲಿ ಜರ್ಮನಿಯ ಬವೇರಿಯಾ ರಾಜ್ಯದ ದೊರೆ ಎರಡನೆಯ ಲುಡ್ವಿಗ್‌ನಿಗೆ ಹುಚ್ಚು ಹಿಡಿದಿದೆಯೆಂದು ನಾಲ್ವರು ಮನೋವೈದ್ಯರು ವರದಿ ಬರೆದರು. ಅದಕ್ಕಾಗಿ ಅವನನ್ನು ಅವರು ಪರೀಕ್ಷಿಸಿಯೇ ಇರಲಿಲ್ಲ. ವರದಿ ಬೇಕಾಗಿದ್ದದ್ದು ಅವನನ್ನು ಕೆಳಗಿಳಿಸಲು ಹೊರಟಿದ್ದ ಮಂತ್ರಿಗಳಿಗೆ. ಪಟ್ಟ ಕಳೆದುಕೊಂಡ ಕೆಲವೇ ದಿನಗಳಲ್ಲಿ ಆ ದೊರೆಯೂ, ವರದಿ ಬರೆದವರಲ್ಲಿ ಪ್ರಮುಖನಾದ ಗುಡ್ಡೆನ್ ಎಂಬ ವೈದ್ಯನೂ ಸ್ಟಾರ್ನ್‌ಬರ್ಗ್ ಸರೋವರದಲ್ಲಿ ಹೆಣವಾಗಿ ಸಿಕ್ಕರು. ನಾಯಕನ ಸ್ವಂತ ವೈದ್ಯ ಮುಚ್ಚಿಡುತ್ತಾನೆ, ವಿರೋಧಿಗಳು ನೇಮಿಸಿದ ವೈದ್ಯ ಅವರಿಗೆ ಬೇಕಾದದ್ದನ್ನೇ ಕಾಣುತ್ತಾನೆ. ಆದ್ದರಿಂದ ಪರೀಕ್ಷೆ ಮಾಡುವವರನ್ನು ನೇಮಿಸುವವರು ಯಾರು ಎಂಬುದೇ ಇಲ್ಲಿ ಮೊದಲ ಪ್ರಶ್ನೆ.

ಇನ್ನೊಂದು ಗೊಂದಲವನ್ನೂ ಬಿಡಿಸಿಕೊಳ್ಳಬೇಕು. 2018ರಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರಿಗೆ ಮಾಡಿದ ನೆನಪು ಮತ್ತು ಗ್ರಹಣಶಕ್ತಿಯ ಪರೀಕ್ಷೆಯಲ್ಲಿ 30ಕ್ಕೆ 30 ಅಂಕ ಬಂದವೆಂದು ಅವರ ವೈದ್ಯರು ಪ್ರಕಟಿಸಿದರು. ಗಡಿಯಾರದ ಚಿತ್ರ ಬರೆದು ಹೇಳಿದ ಹೊತ್ತಿಗೆ ಮುಳ್ಳು ತೋರಿಸುವುದು, ಪ್ರಾಣಿಗಳ ಚಿತ್ರ ನೋಡಿ ಹೆಸರು ಹೇಳುವುದು, ಐದು ಪದಗಳನ್ನು ಸ್ವಲ್ಪ ಹೊತ್ತಿನ ಮೇಲೆ ನೆನಪಿನಿಂದ ಒಪ್ಪಿಸುವುದು, ಇಂಥವು ಅದರಲ್ಲಿರುತ್ತವೆ. ಮರೆವಿನ ಕಾಯಿಲೆಯ ಮೊದಲ ಸುಳಿವನ್ನು ಹಿಡಿಯುವುದಕ್ಕೆ ಅದು ಉಪಯುಕ್ತ. ಖಿನ್ನತೆಯನ್ನಾಗಲಿ, ಸಿಟ್ಟಿನಲ್ಲಿ ತೆಗೆದುಕೊಳ್ಳುವ ದುಡುಕಿನ ನಿರ್ಧಾರವನ್ನಾಗಲಿ ಅದು ಅಳೆಯುವುದಿಲ್ಲ.

ಖಿನ್ನತೆಯಿದ್ದವರು ಆಳಲು ಯೋಗ್ಯರಲ್ಲವೆಂಬ ತೀರ್ಮಾನವೂ ತಪ್ಪು. 1972ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ಥಾಮಸ್ ಈಗಲ್ಟನ್ ಹಿಂದೆ ಖಿನ್ನತೆಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿದ್ದರೆಂದು ತಿಳಿದೊಡನೆ ಎದ್ದ ಗದ್ದಲದಲ್ಲಿ ಅವರು 18 ದಿನಗಳಿಗೇ ಕಣದಿಂದ ಹಿಂದೆ ಸರಿಯಬೇಕಾಯಿತು. ಅದೇ ಈಗಲ್ಟನ್ ಅವರನ್ನು ಮಿಸೌರಿಯ ಮತದಾರರು ಆಮೇಲೂ ಎರಡು ಸಲ ಸೆನೆಟ್ಟಿಗೆ ಆರಿಸಿ ಕಳಿಸಿದರು. ನಾರ್ವೆಯ ಪ್ರಧಾನಿ ಶೆಲ್ ಮಾಗ್ನೆ ಬೊಂಡೆವಿಕ್ 1998ರಲ್ಲಿ ತಮಗೆ ಖಿನ್ನತೆಯಾಗಿದೆಯೆಂದು ದೇಶಕ್ಕೆ ತಿಳಿಸಿ, ಮೂರು ವಾರಕ್ಕೂ ಮಿಕ್ಕಿ ರಜೆ ಪಡೆದು, ಚೇತರಿಸಿಕೊಂಡು ಕೆಲಸಕ್ಕೆ ಮರಳಿದರು. 2001ರಲ್ಲಿ ಮತ್ತೆ ಪ್ರಧಾನಿಯಾದರು.

ನಮ್ಮ ಸಂವಿಧಾನದ 102ನೆಯ ವಿಧಿಯ ಪ್ರಕಾರ, ಬುದ್ಧಿ ಸ್ವಸ್ಥವಾಗಿಲ್ಲವೆಂದು ಸಕ್ಷಮ ನ್ಯಾಯಾಲಯ ಘೋಷಿಸಿದವರು ಸಂಸತ್ತಿನ ಸದಸ್ಯರಾಗಿರಲಾರರು. ಅದು ಕೊನೆಯ ಬಾಗಿಲು. ಅಲ್ಲಿಗೆ ಹೋಗುವ ಮುನ್ನ ಏನೂ ಇಲ್ಲ. ಚುನಾವಣೆಯ ಪ್ರಮಾಣಪತ್ರದಲ್ಲಿ ಆಸ್ತಿಯನ್ನೂ ಮೊಕದ್ದಮೆಗಳನ್ನೂ ಬರೆಯುವಂತೆ ಮನೋರೋಗವನ್ನೂ ಬರೆಯಿರೆಂದರೆ, ಯಾವ ರಾಜಕಾರಣಿಯೂ ಮನೋವೈದ್ಯರ ಮನೆಬಾಗಿಲು ತುಳಿಯುವುದಿಲ್ಲ. ಸರ್ಕಾರವೂ ವಿರೋಧ ಪಕ್ಷವೂ ಕೂಡಿ ಒಪ್ಪಿದ ತಜ್ಞರ ಮಂಡಳಿಯೊಂದು ಉನ್ನತ ಸ್ಥಾನದಲ್ಲಿರುವವರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಲಿ, ರೋಗದ ವಿವರ ವೈದ್ಯರ ಬಳಿಯೇ ಉಳಿಯಲಿ, ಕೆಲಸ ಮಾಡಬಲ್ಲರೋ ಇಲ್ಲವೋ ಎಂಬುದಷ್ಟೇ ಹೊರಬರಲಿ ಎಂಬುದು ನನ್ನ ಕೋರಿಕೆ. ಮತ್ತು ಬೊಂಡೆವಿಕ್ ಪಡೆದಂಥ ರಜೆಯನ್ನು ನಮ್ಮ ಪ್ರಧಾನಿಯಾಗಲಿ ಮುಖ್ಯಮಂತ್ರಿಯಾಗಲಿ ಕೇಳಿದ ದಿನ, ನಾವು ಅವರಿಂದ ರಾಜೀನಾಮೆ ಕೇಳದಿರೋಣ.